ಕೊಟ್ಟಿಗೆಯಲ್ಲಿ ಅಣಬೆ

“ಕೃಷಿ ತ್ಯಾಜ್ಯದಿಂದ ಅಣಬೆ ಬೇಸಾಯ” ಎಂಬ ತಲೆಬರಹವಿದ್ದ ಕರಪತ್ರವೊಂದು ನುಗ್ಗೇಹಳ್ಳಿಯಲ್ಲಿ ನನ್ನ ಕೈಗೆ ಬಂತು. ಅಣಬೆಯ ಸಂಗತಿ ಹಾಗಿರಲಿ, ಅದರ ಹಿಂದಿನ ಮಾತೇ ನನ್ನನ್ನು ತಡೆದು ನಿಲ್ಲಿಸಿತು. ತ್ಯಾಜ್ಯವೆಂಬ ಮಾತನ್ನು ನಮ್ಮ ಮನೆಯಲ್ಲಿ ನಾನು ಕೇಳುತ್ತಿದ್ದುದು ಪಂಚಾಂಗ ತೆಗೆದಾಗ ಮಾತ್ರ. ಒಳ್ಳೆಯ ಕೆಲಸಕ್ಕೆ ಒದಗದ ಹೊತ್ತಿಗೆ ಆ ಹೆಸರು. ಹೊಲದಲ್ಲಿ, ತೋಟದಲ್ಲಿ ತ್ಯಾಜ್ಯವೆಂಬುದೊಂದು ಉಂಟು ಎಂದು ಆ ಊರಿನ ಹಳೆಯ ತಲೆಗಳಿಗೆ ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು.

ನಗದೆ ಏನು ಮಾಡುತ್ತಾರೆ? ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹಾದಿಯಲ್ಲಿರುವ ನುಗ್ಗೇಹಳ್ಳಿಯ ಸುತ್ತ ರಾಗಿ ಮತ್ತು ತೆಂಗು. ರಾಗಿಯ ತೆನೆ ಮನುಷ್ಯನಿಗೆ, ಹುಲ್ಲು ದನಕ್ಕೆ. ಹುಲ್ಲಿನ ಬಣವೆ ಎಷ್ಟು ಎತ್ತರವೋ ಮನೆಯ ಮರ್ಯಾದೆಯೂ ಅಷ್ಟೇ ಎತ್ತರ; ಹೆಣ್ಣು ಕೊಡುವವರು ಮೊದಲು ನೋಡುತ್ತಿದ್ದುದೇ ಬಣವೆಯನ್ನು. ತೆಂಗಿನ ಮರದಿಂದಂತೂ ಬಿದ್ದದ್ದೊಂದೂ ನೆಲದ ಮೇಲೆ ಎರಡು ದಿನ ಉಳಿಯುತ್ತಿರಲಿಲ್ಲ. ಗರಿ ಹೆಣೆದರೆ ಚಪ್ಪರ, ಕಡ್ಡಿ ಸೀಳಿದರೆ ಪೊರಕೆ, ದಂಟು ಮತ್ತು ಕಾಯಿಸಿಪ್ಪೆ ಬಚ್ಚಲ ಒಲೆಗೆ, ಕರಟದ ಕೆಂಡ ಇಸ್ತ್ರಿಪೆಟ್ಟಿಗೆಗೆ, ಉಳಿದ ಬೂದಿ ಪಾತ್ರೆಗೆ. ಒಂದು ವಸ್ತು ತ್ಯಾಜ್ಯವಾಗುವುದು ಅದರ ಗುಣದಿಂದಲ್ಲ, ಅದನ್ನು ಕೇಳುವವರು ಇಲ್ಲವಾದಾಗ. ಮನೆಗೆ ಗ್ಯಾಸು ಬಂತು, ಬಚ್ಚಲಿಗೆ ಬಿಸಿನೀರಿನ ಯಂತ್ರ ಬಂತು, ಚಪ್ಪರಕ್ಕೆ ಶಾಮಿಯಾನ ಬಂತು. ಗರಿ ಬಿದ್ದಲ್ಲೇ ಬಿದ್ದಿತು. ಈಗ ಆ ಕಡೆಯ ಎಷ್ಟೋ ತೋಟಗಳಲ್ಲಿ ಗರಿಗಳನ್ನು ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಸಂಜೆಯ ಹೊತ್ತು ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಆ ಹೊಗೆ ಮಂಜಿನ ಹಾಗೆ ಚೆಲುವಾಗಿಯೇ ಕಾಣುತ್ತದೆ ಎನ್ನಿ.

ಕರಪತ್ರ ನನ್ನ ಕೈಗೆ ಬಂದದ್ದು ನಮ್ಮ ಸೋದರತ್ತೆಯ ಮನೆಯಲ್ಲಿ. ಅತ್ತೆಗೆ ಎಂಬತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲಿ. ಲಕ್ಷ್ಮೀನರಸಿಂಹನ ಗುಡಿಗೆ ಕೂಗಳತೆಯಲ್ಲಿ ಹಳೆಯ ತೊಟ್ಟಿಯ ಮನೆ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಆ ಗುಡಿಯನ್ನು, ಬೈಚೋಜ ಮಲ್ಲಿತಮ್ಮರ ಕೆತ್ತನೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅತ್ತೆಯ ಮನೆಯ ಹಿಂದಿನ ಕೊಟ್ಟಿಗೆಯನ್ನು ನೋಡಲು ಮಾತ್ರ ಯಾರೂ ಬರುತ್ತಿರಲಿಲ್ಲ. ಕೊನೆಯ ಹಸುವನ್ನು ಕೊಟ್ಟು ಆರು ವರ್ಷವಾಗಿತ್ತು. ಹೀಗಿರುವಾಗ ಊರಿನ ಮಹಿಳಾ ಸಂಘದ ಒಬ್ಬ ಹೆಣ್ಣುಮಗಳು ಹಿತ್ತಲ ಬಾಗಿಲಿಗೆ ಬಂದು, “ಅಮ್ಮಾವ್ರೇ, ಕೊಟ್ಟಿಗೆ ಖಾಲಿ ಬಿದ್ದದೆ. ನನಗೆ ಬಾಡಿಗೆಗೆ ಕೊಡಿ, ಅಣಬೆ ಬೆಳೀತೀನಿ” ಎಂದು ಕೇಳಿದಳು. ಗಂಡ ತೀರಿಕೊಂಡಿದ್ದ. ಇಬ್ಬರು ಮಕ್ಕಳು. ಕೂಲಿಗೆ ಹೋಗುತ್ತಿದ್ದವಳು ಸೊಂಟದ ನೋವಿನಿಂದ ಹೋಗಲಾರದವಳಾಗಿದ್ದಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದಿದ್ದಳು. ಸಂಘದಲ್ಲಿ ಸಾಲ ಮಂಜೂರಾಗಿತ್ತು. ಇಲ್ಲದ್ದು ತಣ್ಣನೆಯ ಒಂದು ಜಾಗ ಮಾತ್ರ. ಅವಳ ಮನೆ ತಗಡಿನದು. ಹಗಲಾದರೆ ರೊಟ್ಟಿಯ ಹೆಂಚು.

ಅತ್ತೆ ನನ್ನನ್ನು ಬರಹೇಳಿದ್ದು ಈ ವಿಷಯ ಇತ್ಯರ್ಥ ಮಾಡುವುದಕ್ಕೆ. “ಹಸು ಕಟ್ಟಿದ ಜಾಗ ಕಣೋ. ಅಲ್ಲಿ ನಾಯಿಕೊಡೆಯೆ?” ಎಂದರು. ಅವರ ಸಂಕಟ ಸುಳ್ಳಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯ ಬೆಳ್ಳುಳ್ಳಿ ಈರುಳ್ಳಿಗಳ ಜೊತೆಯಲ್ಲೇ ಅಣಬೆಯನ್ನೂ ವರ್ಜ್ಯವೆಂದಿದೆ. ಈರುಳ್ಳಿ ಹೇಗೋ ಹಿಂಬಾಗಿಲಿನಿಂದ ನಮ್ಮ ಅಡಿಗೆಮನೆಗಳಿಗೆ ಬಂತು, ಬೆಳ್ಳುಳ್ಳಿ ವೈದ್ಯರ ಶಿಫಾರಸಿನ ಮೇಲೆ ಬಂತು. ಅಣಬೆ ಹೊರಗೇ ನಿಂತಿತ್ತು. “ಅದು ತರಕಾರಿಯೋ ಮಾಂಸವೋ, ಅದನ್ನಾದರೂ ಹೇಳು” ಎಂದು ಅತ್ತೆ ಕೇಳಿದರು. ಎರಡೂ ಅಲ್ಲವೆಂಬುದೇ ಸರಿಯಾದ ಉತ್ತರ. ಎಲೆಯ ಹಸಿರಿಲ್ಲದ್ದರಿಂದ ಅಣಬೆ ಗಿಡಗಳ ಹಾಗೆ ಬಿಸಿಲಿನಿಂದ ಅಡಿಗೆ ಮಾಡಿಕೊಳ್ಳಲಾರದು. ಸತ್ತ ಮರವನ್ನೋ ಹುಲ್ಲನ್ನೋ ಕರಗಿಸಿ ಹೀರಿಕೊಂಡು ಬದುಕುತ್ತದೆ. ಶಿಲೀಂಧ್ರಗಳದು ಬೇರೆಯೇ ಒಂದು ಕುಲ. ಗಿಡಗಳಿಗಿಂತ ಪ್ರಾಣಿಗಳಿಗೇ ಅದು ಹತ್ತಿರವೆಂದು ವಿಜ್ಞಾನಿಗಳು ಹೇಳುತ್ತಾರೆ. ಈ ಕೊನೆಯ ಮಾತನ್ನು ನಾನು ಅತ್ತೆಗೆ ಹೇಳಲಿಲ್ಲ. ಇತ್ಯರ್ಥಕ್ಕೆ ಕರೆದವರ ಮುಂದೆ ಎಲ್ಲ ಸತ್ಯಗಳನ್ನೂ ಹರಡಬೇಕಾಗಿಲ್ಲ.

ಶಾಸ್ತ್ರದ ತೊಡಕು ಒಂದು ಕಡೆಯಾದರೆ, ಲೋಕದ ತೊಡಕನ್ನು ಎತ್ತಿದವರು ಪಕ್ಕದ ಮನೆಯ ರೈತರು. “ಹಸು ತಿನ್ನೋ ಹುಲ್ಲನ್ನ ಅಣಬೆಗೆ ಹಾಕಿದರೆ ಹಸುವಿಗೆ ಏನು ಹಾಕೋದು?” ಎಂದರು ಅವರು. ಇದು ಶಾಸ್ತ್ರಕ್ಕಿಂತ ಗಟ್ಟಿಯಾದ ಪ್ರಶ್ನೆ. ಪಂಜಾಬಿನಲ್ಲಿ ಭತ್ತದ ಹುಲ್ಲನ್ನು ಗದ್ದೆಯಲ್ಲೇ ಸುಡುವುದುಂಟು. ಅಲ್ಲಿ ಅದನ್ನು ತ್ಯಾಜ್ಯವೆಂದರೆ ಒಪ್ಪಬಹುದು. ಹಾಸನ ಜಿಲ್ಲೆಯಲ್ಲಿ ಮನೆಗೆ ಎರಡು ಕರೆಯುವ ಹಸು, ಡೇರಿಗೆ ಹಾಲು, ವಾರದ ಕೊನೆಗೆ ಬರುವ ನಾಲ್ಕು ಕಾಸು. ಬೇಸಗೆಯಲ್ಲಿ ಹುಲ್ಲಿನ ಬೆಲೆ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಕರಪತ್ರ ಬರೆದ ಮಹನೀಯರು ಭತ್ತದ ಹುಲ್ಲನ್ನು ಧಾರಾಳವಾಗಿ ತ್ಯಾಜ್ಯದ ಪಟ್ಟಿಗೆ ಸೇರಿಸುವಾಗ ಒಂದು ಸಲ ನುಗ್ಗೇಹಳ್ಳಿಯ ಹಸುವಿನ ಮುಖ ನೋಡಬೇಕಿತ್ತು.

ಆದರೆ ಹುಲ್ಲಿನ ಮೇಲೆ ಅಣಬೆ ಬೆಳೆಯುವ ವಿದ್ಯೆ ನಮಗೆ ಪರಕೀಯವೇನೂ ಅಲ್ಲ. ಪ್ಯಾರಿಸ್ಸಿನವರು ಕಲ್ಲು ಗಣಿಯ ಗುಹೆಗಳಲ್ಲಿ ಕುದುರೆ ಲದ್ದಿಯ ಗೊಬ್ಬರದ ಮೇಲೆ ಬೆಳೆಯುತ್ತಿದ್ದ ಗುಂಡನೆಯ ಬಿಳಿ ಅಣಬೆಗೆ ಚಳಿ ಬೇಕು, ಪಾಕ ಮಾಡಿದ ಗೊಬ್ಬರ ಬೇಕು. ಬಯಲುಸೀಮೆಯ ಬಡವರಿಗೆ ಅದು ಒಗ್ಗುವುದಲ್ಲ. ಕೊಯಮತ್ತೂರಿನಲ್ಲಿ 1940ರ ದಶಕದಲ್ಲೇ ಭತ್ತದ ಹುಲ್ಲಿನ ಅಣಬೆಯನ್ನು ಬೆಳೆದು ನೋಡಿದ್ದರು. ನಮ್ಮ ಕಥೆ ಮಾತ್ರ ಮೈಸೂರಿನದು. 1950ರಲ್ಲಿ ಚೆಲುವಾಂಬಾ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಜನಕ್ಕೆ ಅಗ್ಗದಲ್ಲಿ ಪೌಷ್ಟಿಕ ಆಹಾರ ಒದಗಿಸುವುದು ಹೇಗೆಂದು ದೇಶ ಚಿಂತೆ ಮಾಡುತ್ತಿದ್ದ ಕಾಲ. ಕಡಲೆಕಾಯಿ ಹಿಂಡಿಯನ್ನು ಮನುಷ್ಯರ ಆಹಾರವಾಗಿ ಮಾಡುವ ಪ್ರಯೋಗಗಳು ಅಲ್ಲಿ ನಡೆಯುತ್ತಿದ್ದವು. ಅದೇ ಸಂಸ್ಥೆಯಲ್ಲಿ ಜಕಿಯಾ ಬಾನೊ ಎಂಬ ವಿಜ್ಞಾನಿ, ಶ್ರೀವಾಸ್ತವ ಎಂಬ ಸಹೋದ್ಯೋಗಿಯೊಡನೆ, ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆಯನ್ನು ಬೆಳೆಯುವ ಕ್ರಮವನ್ನು 1962ರಲ್ಲಿ ಪ್ರಕಟಿಸಿದರು. ಜರ್ಮನಿಯಲ್ಲಿ 1917ರಲ್ಲಿ, ಯುದ್ಧದ ಹಸಿವಿನ ನಡುವೆ, ಫಾಲ್ಕ್ ಎಂಬಾತ ಮರದ ಬೊಡ್ಡೆಗಳ ಮೇಲೆ ಇದೇ ಜಾತಿಯನ್ನು ಬೆಳೆದು ತೋರಿಸಿದ್ದ. ಮರದ ಬೊಡ್ಡೆ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಹುಲ್ಲು ಇರುತ್ತದೆ. ಇಂದು ನಮ್ಮ ನಾಡಿನ ಯಾವುದೇ ಹಳ್ಳಿಯಲ್ಲಿ ಹೆಂಗಸರು ಚಿಪ್ಪು ಅಣಬೆಯ ಚೀಲ ತೂಗುಹಾಕಿದರೆ ಆ ಕೆಲಸದ ತಲೆಯೂರು ಮೈಸೂರು. ನಗರದ ಹೋಟೆಲಿನಲ್ಲಿ ಅಣಬೆಯ ಸಾರು ಕುಡಿಯುವ ನಮ್ಮಂಥವರಿಗೆ ಆ ವಿಜ್ಞಾನಿಯ ಹೆಸರು ಗೊತ್ತಿಲ್ಲದಿರುವುದು ಸೋಜಿಗವೇನಲ್ಲ. ಅನ್ನ ಕೊಟ್ಟವರ ಹೆಸರು ಕೇಳುವ ಅಭ್ಯಾಸ ನಮಗೆ ಮೊದಲಿನಿಂದಲೂ ಕಡಮೆ.

ಚಿಪ್ಪು ಅಣಬೆಯೆಂದರೆ ತೆಂಗಿನ ಚಿಪ್ಪಿನಲ್ಲಿ ಬೆಳೆಯುವುದೆಂದು ಅತ್ತೆ ತಿಳಿದಿದ್ದರು. ಕಡಲ ಚಿಪ್ಪಿನ ಆಕಾರದ್ದು ಎಂದಾಗ ಸ್ವಲ್ಪ ನಿರಾಶೆಯೇ ಆಯಿತು. ಕೊನೆಗೆ ಷರತ್ತುಗಳಾದವು. ಹಿತ್ತಲ ಓಣಿಯಿಂದಲೇ ಬಂದು ಹೋಗಬೇಕು. ಬಾವಿಯನ್ನು ಮುಟ್ಟಬಾರದು, ನೀರನ್ನು ನಲ್ಲಿಯಿಂದ ಹಿಡಿದುಕೊಳ್ಳಬೇಕು. ಅಣಬೆ ಅಡಿಗೆಮನೆಯ ಕಡೆ ಸುಳಿಯಬಾರದು. ಬಾವಿಯ ಷರತ್ತಿನ ಹಿಂದೆ ಇದ್ದದ್ದು ಅಣಬೆಯಲ್ಲ, ಜಾತಿ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಆ ಮಾತು ಎತ್ತಿದೆ. ಅತ್ತೆ ಕೇಳಿಸದವರ ಹಾಗೆ ಕುಳಿತರು. ಆಕೆಯೇ, “ಇರಲಿ ಬಿಡಿ ಅಣ್ಣಾ, ನಲ್ಲಿ ನೀರು ಸಾಕು” ಎಂದಳು.

ಅವಳದೂ ಒಂದು ಷರತ್ತಿತ್ತು. ಕೊಟ್ಟಿಗೆಯ ನೆಲಕ್ಕೆ ಇನ್ನು ಮೇಲೆ ಸೆಗಣಿ ಸಾರಿಸಕೂಡದು, ಗೋಡೆಗೆ ಸುಣ್ಣ ಹೊಡೆಯಬೇಕು. ಸೆಗಣಿಯಲ್ಲಿ ಬೇರೆ ಬೂಷ್ಟುಗಳು, ಹುಳುಗಳು ಇರುತ್ತವೆ, ಬೆಳೆ ಕೆಡುತ್ತದೆ ಎಂದಳು. ಸೆಗಣಿ ಸಾರಿಸಿದ ನೆಲ ಅಶುದ್ಧವೆಂದು ಹೇಳಿದವರನ್ನು ಅತ್ತೆ ಆ ಜನ್ಮದಲ್ಲಿ ಮೊದಲ ಬಾರಿಗೆ ನೋಡಿದರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸುಣ್ಣ ಹೊಡೆಯುವವನಿಗೆ ತಾವೇ ಹೇಳಿಕಳಿಸಿದರು.

ಅವಳು ಕೆಲಸ ಮಾಡುವುದನ್ನು ನಾನು ಇಡೀ ದಿನ ಕುಳಿತು ನೋಡಿದ್ದೇನೆ. ಹೊಳೆನರಸೀಪುರದ ಗದ್ದೆಯ ಕಡೆಯಿಂದ ತಂದ ಭತ್ತದ ಹುಲ್ಲನ್ನು ಎರಡು ಅಂಗುಲದಷ್ಟು ಕತ್ತರಿಸಿ ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿರುತ್ತಾಳೆ. ಬೆಳಗ್ಗೆ ಅದನ್ನು ಬಿಸಿನೀರಿಗೆ ಹಾಕಿ ಸುಮಾರು ಒಂದು ಗಂಟೆ ಇಡಬೇಕು. ನೀರು ಕುದಿಯಬೇಕಾಗಿಲ್ಲ, 80 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು. ಇದಕ್ಕೆ ಒದಗಿದ್ದು ಅತ್ತೆಯ ಬಚ್ಚಲಿನಿಂದ ಎಂದೋ ಹೊರಬಿದ್ದಿದ್ದ ತಾಮ್ರದ ಹಂಡೆ, ಒಲೆಗೆ ಕಾಯಿಸಿಪ್ಪೆ. ಆಮೇಲೆ ಬಸಿದು ಆರಹಾಕುವುದು. ಎಷ್ಟು ಆರಬೇಕೆಂಬುದಕ್ಕೆ ಯಂತ್ರವಿಲ್ಲ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಹನಿ ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಮೆಯಾದರೆ ಅಣಬೆ ಏಳುವುದಿಲ್ಲ.

ಅಣಬೆಯ ಬೀಜವೆಂದು ಕರೆಯುವುದು ಬೀಜವಲ್ಲ. ಬೇಯಿಸಿದ ಜೋಳದ ಕಾಳಿಗೆ ಅಣಬೆಯ ಬಿಳಿಯ ಎಳೆಗಳನ್ನು ಹಬ್ಬಿಸಿರುತ್ತಾರೆ. ಹೆಪ್ಪಿಗೆ ಮಜ್ಜಿಗೆ ಇದ್ದಂತೆ. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬೆರಳು ಹುಲ್ಲು, ಅಂಚಿನ ಸುತ್ತ ಒಂದು ಹಿಡಿ ಕಾಳು, ಮತ್ತೆ ಹುಲ್ಲು, ಮತ್ತೆ ಕಾಳು. ನಮ್ಮ ಅಜ್ಜಿಯರು ಜಾಡಿಯಲ್ಲಿ ಮಾವಿನ ಹೋಳಿಗೂ ಉಪ್ಪಿಗೂ ಹಾಕುತ್ತಿದ್ದ ಪದರಗಳೇ ಇವು. ಬಾಯಿ ಕಟ್ಟಿ, ಮೈಯಲ್ಲಿ ಸಣ್ಣ ತೂತು ಹೊಡೆದು ಕತ್ತಲೆಯಲ್ಲಿಟ್ಟರೆ ಹದಿನೈದು ಇಪ್ಪತ್ತು ದಿನಗಳಲ್ಲಿ ಚೀಲವೆಲ್ಲ ಹಾಲಿನಂತೆ ಬೆಳ್ಳಗಾಗುತ್ತದೆ. ಬಳಿಕ ಚೀಲ ಬಿಚ್ಚಿ, ಮಬ್ಬು ಬೆಳಕಿನಲ್ಲಿ ತೂಗುಹಾಕಿ, ದಿನಕ್ಕೆ ಎರಡು ಮೂರು ಬಾರಿ ತುಂತುರು ನೀರು. ನಾಲ್ಕೈದು ದಿನಕ್ಕೆ ಸೂಜಿಯ ತಲೆಯಂಥ ಮೊಳಕೆ. ಅದರ ಮರುದಿನ, ಅದರ ಮರುದಿನ ನೋಡಬೇಕು! ಅಣಬೆಯ ಹಾಗೆ ಬೆಳೆದ ಎಂದು ನಾವು ಬೈಗುಳಕ್ಕೆ ಬಳಸುವ ಮಾತಿನಲ್ಲಿ ಎಷ್ಟು ಬೆರಗಿದೆಯೆಂಬುದು ಆಗ ತಿಳಿಯುತ್ತದೆ. ಸಂಜೆ ಹೆಬ್ಬೆರಳಿನಷ್ಟಿದ್ದದ್ದು ಬೆಳಗ್ಗೆ ಅಂಗೈ ಅಗಲ. ಒಣಹುಲ್ಲು ಒಂದು ಕಿಲೋ ಇದ್ದರೆ ಎರಡು ಮೂರು ಕೊಯ್ಲಿನಲ್ಲಿ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಹಸಿ ಅಣಬೆ.

ಚೀಲ ತುಂಬುವ ದಿನ ಅವಳು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಬರುತ್ತಾಳೆ. ಕೈಯನ್ನು ಮೊಣಕೈವರೆಗೆ ಸೋಪಿನಿಂದ ತೊಳೆದು, ಮೇಲೆ ಡೆಟಾಲು. ಬಾಯಿಗೆ ಬಟ್ಟೆ. ಆಮೇಲೆ ಯಾರನ್ನೂ ಮುಟ್ಟುವಂತಿಲ್ಲ, ಯಾರೂ ಒಳಗೆ ಬರುವಂತಿಲ್ಲ. ಮಗ ಪೆನ್ಸಿಲ್ ಕೇಳಿಕೊಂಡು ಬಂದರೂ ಬಾಗಿಲಾಚೆಯೇ ನಿಲ್ಲಬೇಕು. ಅತ್ತೆ ಹಿತ್ತಲ ಜಗುಲಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ನನ್ನ ಕಡೆ ತಿರುಗಿ, “ಇವಳು ಮಾಡುತ್ತಿರುವುದು ಮಡಿಯಲ್ಲದೆ ಮತ್ತೇನೋ?” ಎಂದರು. ಮಡಿಯೇ ಅತ್ತೆ ಎಂದೆ. ಅವರ ಮಡಿಯಲ್ಲಿ ಶುಚಿಯೆಷ್ಟು, ಜಾತಿಯೆಷ್ಟು ಎಂದು ಬೇರ್ಪಡಿಸಿ ತೂಗುವುದು ಕಷ್ಟ. ಅವಳ ಮಡಿಯಲ್ಲಿ ಇರುವುದು ಬೂಷ್ಟಿನ ಭಯವೊಂದೇ. ಹಸುರು ಬೂಷ್ಟು ಯಾರ ಕುಲಗೋತ್ರವನ್ನೂ ಕೇಳುವುದಿಲ್ಲ. ಅಂದು ಚೀಲ ತುಂಬಿ ಮುಗಿಯುವ ಹೊತ್ತಿಗೆ ಅತ್ತೆ ಕಾಫಿ ಕಳಿಸಿದರು. ಲೋಟ ಬೇರೆಯದೇ, ಸುಳ್ಳು ಹೇಳಲಾರೆ. ಆದರೆ ಬಾವಿಯ ನೀರಿನ ಮಾತು ಮುಂದಿನ ತಿಂಗಳಿನಿಂದ ಯಾರ ಬಾಯಲ್ಲೂ ಬರಲಿಲ್ಲ, ಹಗ್ಗ ರಾಟೆಗಳು ಅವಳ ಕೈಗೆ ಬಂದಿದ್ದವು.

ಮೊದಲ ಬೆಳೆ ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ನಲವತ್ತು ಚೀಲಗಳ ಪೈಕಿ ಹದಿಮೂರು ಹಸುರು ತಿರುಗಿದವು. ಸಮಯಕ್ಕೆ ಬೀಜ ಸಿಗದೆ ಅವಳು ಯಾವುದೋ ಅಂಗಡಿಯಿಂದ ತರಿಸಿದ್ದಳು. ಅದು ಹಳತೋ, ದಾರಿಯಲ್ಲಿ ಬಿಸಿಲು ತಿಂದಿತೋ. ಚೀಲ ಬಿಚ್ಚಿದರೆ ಹುಳಿ ವಾಸನೆ. ಒಂದರ ಬೂಷ್ಟು ಇನ್ನೊಂದಕ್ಕೆ ತಗಲದಂತೆ ಹದಿಮೂರನ್ನೂ ಅದೇ ರಾತ್ರಿ ಹೊತ್ತುಕೊಂಡು ಹೋಗಿ ಊರ ಹೊರಗೆ ಹೂತಳು. ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದಳು. ಸಂಘದ ಕಂತು ಕಟ್ಟುವ ವಾರವೂ ಅದೇ. ಕಂತಿಗೆ ಕಡಮೆಬಿದ್ದ ಹಣವನ್ನು ಅತ್ತೆ ಸೆರಗಿನ ಗಂಟಿನಿಂದ ತೆಗೆದುಕೊಟ್ಟದ್ದು ನನಗೆ ಆಮೇಲೆ ತಿಳಿಯಿತು. ನನಗೆ ಹೇಳಿದವಳು ಅವಳು, ಅತ್ತೆಯಲ್ಲ.

ಈ ಕಸುಬಿನಲ್ಲಿ ನಮಗಿಂತ ಹಿರಿಯರು ಗೆದ್ದಲುಗಳು. ಮೊದಲ ಮಳೆಯ ಗುಡುಗಿಗೆ ಹುತ್ತದ ಮೇಲೆ ಏಳುವ ಅಣಬೆಯನ್ನು ಹಳ್ಳಿಯವರು ಮಾಂಸಕ್ಕಿಂತ ಮೇಲೆಂದು ತಿನ್ನುತ್ತಾರಲ್ಲ, ಅದು ಗುಡುಗಿನಿಂದ ಹುಟ್ಟಿದ್ದಲ್ಲ. ಗೆದ್ದಲು ಒಣಕಡ್ಡಿ ತರಗುಗಳನ್ನು ನುರಿದು, ಹುತ್ತದೊಳಗೆ ತೋಟ ಮಾಡಿ ಸಾಕಿದ ಅಣಬೆ ಅದು. ಮರದ ನಾರನ್ನು ಮೃದು ಮಾಡುವ ಕೆಲಸವನ್ನು ಅಣಬೆಗೆ ವಹಿಸಿ ಗೆದ್ದಲು ಕೋಟ್ಯಂತರ ವರ್ಷಗಳಿಂದ ಸುಖವಾಗಿದೆ. ತ್ಯಾಜ್ಯದಿಂದ ಬೇಸಾಯ ಎಂಬ ಕರಪತ್ರವನ್ನು ಅದಕ್ಕೆ ಯಾರು ಕೊಟ್ಟರೋ! ಆ ಹುತ್ತದ ಅಣಬೆಯನ್ನು ಚೀಲದಲ್ಲಿ ಬೆಳೆಯುವ ಗುಟ್ಟು ಮಾತ್ರ ಮನುಷ್ಯನಿಗೆ ಇನ್ನೂ ದಕ್ಕಿಲ್ಲ.

ಹುಲ್ಲಿನ ಜಗಳ ಬಗೆಹರಿದದ್ದು ತೆಂಗಿನಿಂದ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಗರಿಯ ದಂಟು, ಗೊನೆಯ ಕಡ್ಡಿಗಳ ಮೇಲೆ ಚಿಪ್ಪು ಅಣಬೆಯನ್ನು ಬೆಳೆದು ತೋರಿಸಿದ್ದಾರೆ. ಅಣಬೆ ಗಟ್ಟಿ ನಾರಿಗೆ ಹೆದರುವುದಿಲ್ಲ. ದನದ ಹೊಟ್ಟೆಗೆ ಜೀರ್ಣವಾಗದ, ಮರಕ್ಕೆ ಮರದ ಗಟ್ಟಿತನ ಕೊಡುವ ಅಂಶವನ್ನೇ ಅದು ಕರಗಿಸಬಲ್ಲುದು. ಹಸು ಮೂಸಿ ನೋಡದ್ದನ್ನು ಅಣಬೆ ತಿನ್ನುತ್ತದೆಯೆಂದ ಮೇಲೆ ಪಕ್ಕದ ಮನೆಯ ರೈತರಿಗೂ ತಕರಾರು ಉಳಿಯಲಿಲ್ಲ. ಸುಡುವುದಕ್ಕೆ ರಾಶಿ ಹಾಕಿದ್ದ ಗರಿಯನ್ನು, “ತಗೊಂಡು ಹೋಗವ್ವ, ನನಗೂ ಬೆಂಕಿ ಕಾಯೋದು ತಪ್ಪುತ್ತೆ” ಎಂದು ಅವರೇ ಕೊಟ್ಟರು. ಹೇಳುವುದು ಸುಲಭ, ದಂಟನ್ನು ಹುಲ್ಲಿನಷ್ಟು ಸಣ್ಣಗೆ ಕತ್ತರಿಸುವುದು ಮಚ್ಚಿಗೂ ತೋಳಿಗೂ ಪರೀಕ್ಷೆ. ಈಗ ಅವಳು ಅರ್ಧ ಹುಲ್ಲು, ಅರ್ಧ ತೆಂಗಿನ ದಂಟು ಸೇರಿಸುತ್ತಾಳೆ. ಹುಲ್ಲಿನ ಖರ್ಚು ಇಳಿದಿದೆ, ಭುಜದ ನೋವು ಏರಿದೆ.

ಬೆಳೆದದ್ದನ್ನು ಮಾರುವುದು ಬೇರೆಯೇ ಅಧ್ಯಾಯ. ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಬೆಳಗ್ಗೆ ಕಿತ್ತದ್ದು ಸಂಜೆಗೆ ಬಾಡುತ್ತದೆ. ಬೆಳಗಿನ ಬಸ್ಸಿಗೆ ಬುಟ್ಟಿ ಹತ್ತಿಸಿ ಚನ್ನರಾಯಪಟ್ಟಣದ ಎರಡು ಅಂಗಡಿ, ಒಂದು ಹೋಟೆಲಿಗೆ ಕೊಡುತ್ತಾಳೆ. ಬಸ್ಸು ತಪ್ಪಿದ ದಿನ ಬಿಸಿಲಿಗೆ ಒಣಗಿಸುತ್ತಾಳೆ. ಬಿಸಿಲಿಗೆ ಅಣಬೆಯಲ್ಲಿ ಡಿ ಜೀವಸತ್ವ ಹುಟ್ಟುತ್ತದೆ, ಆದರೆ ಹುಟ್ಟಿದ ಸತ್ವಕ್ಕೆ ಅಂಗಡಿಯವನು ಹೆಚ್ಚಿನ ಬೆಲೆಯನ್ನೇನೂ ಕೊಡುವುದಿಲ್ಲ. ಅಗಲವಾಗಿ ಅರಳಿದ ಅಣಬೆಯಿಂದ ಉದುರುವ ಕಣ್ಣಿಗೆ ಕಾಣದ ಧೂಳಿಗೆ ಅವಳಿಗೆ ಕೆಮ್ಮು ಬರುತ್ತಿತ್ತು. ಈಗ ಅರಳುವ ಮೊದಲೇ ಕೀಳುತ್ತಾಳೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಒಂದು ದಿನ ಅವಳ ಮನೆಯಲ್ಲಿ ನಾನೂ ರಾಗಿ ಮುದ್ದೆಯ ಜೊತೆ ಅಣಬೆಯ ಸಾರು ಉಂಡೆ. ಮೆಣಸು ಸ್ವಲ್ಪ ಮುಂದಾಗಿತ್ತು, ರುಚಿಗೆ ಕೊರತೆಯಿರಲಿಲ್ಲ. ಅತ್ತೆಯ ಮನೆಗೆ ಬಂದು ಬಾಯಿ ಮುಕ್ಕಳಿಸಿ ಒಳಗೆ ಹೋದೆ. ಅವರು ಮುಖ ನೋಡಿದರು, ಕೇಳಲಿಲ್ಲ.

ಬಾಡಿಗೆಯನ್ನು ಅತ್ತೆ ಹಣದಲ್ಲಿ ತೆಗೆದುಕೊಳ್ಳುವುದಿಲ್ಲ. ಮೂರು ಕೊಯ್ಲು ಮುಗಿದ ಚೀಲದೊಳಗೆ ಉಳಿಯುವುದು ಹತ್ತಿಯಂತೆ ಹಗುರಾದ, ಕಾಡುಮಣ್ಣಿನ ವಾಸನೆಯ ಗೊಬ್ಬರ. ಅದನ್ನು ಹಿತ್ತಲಿನ ಏಳು ತೆಂಗಿನ ಮರಗಳ ಬುಡಕ್ಕೆ ಸುರಿದು ಮಣ್ಣು ಎಳೆಯಬೇಕು, ಬಾಡಿಗೆ ಅಷ್ಟೇ. ಆ ಮರಗಳ ಗರಿ ಬಿದ್ದರೆ ಮತ್ತೆ ಕೊಟ್ಟಿಗೆಗೆ ಬರುತ್ತದೆ.

ಈ ಸಲ ರಥೋತ್ಸವಕ್ಕೆ ಬಂದ ಅತ್ತೆಯ ಹಿರಿಯ ಮಗ ಕೊಟ್ಟಿಗೆಯನ್ನು ಕೆಡವಿ ಕಾರು ನಿಲ್ಲಿಸಲು ಶೆಡ್ಡು ಹಾಕಿಸುವುದಾಗಿ ಹೇಳಿದ. ವರ್ಷಕ್ಕೆ ಎರಡು ಸಲ ಬರುವ ಕಾರು ಅದು. ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತದೆ, “ಬೀಜ ಹಾಕಿ ಹನ್ನೊಂದು ದಿನವಾಗಿದೆ, ಈಗ ಬಾಗಿಲು ತೆಗೆಯುವ ಹಾಗಿಲ್ಲ” ಎಂದರು. ಆ ಬೆಳೆ ಆದ ಮೇಲೆ ಎಂದ ಮಗ. ಆದ ಮೇಲೆ ಮುಂಗಾರಿನ ಬೆಳೆ ಇದೆಯಲ್ಲ ಎಂದರು ಅತ್ತೆ. ಅವನು ನನ್ನ ಕಡೆ ನೋಡಿದ. ನಾನು ಆ ದಿನದ ಪತ್ರಿಕೆಯನ್ನು ಎತ್ತಿಕೊಂಡೆ. ಕಾರು ಮೂರು ದಿನವೂ ರಥಬೀದಿಯ ಅಂಚಿನಲ್ಲಿ, ಬೇವಿನ ಮರದ ಕೆಳಗೆ ನಿಂತಿತ್ತು.